ನೆಲದಡಿಯ ಸಂಪತ್ತಿಗೆ ಬೆಲೆ ಕಟ್ಟುವುದು ಹೇಗೆ? ರಿಯಾಸಿಯಿಂದ ಸಂಡೂರಿನವರೆಗೆ ಒಂದು ಲೆಕ್ಕ

2023ರ ಫೆಬ್ರುವರಿಯಲ್ಲಿ ಕೇಂದ್ರ ಗಣಿ ಸಚಿವಾಲಯ ಒಂದು ಪ್ರಕಟಣೆ ಕೊಟ್ಟಿತು. ಜಮ್ಮು ಮತ್ತು ಕಾಶ್ಮೀರದ ರಿಯಾಸಿ ಜಿಲ್ಲೆಯ ಸಲಾಲ್–ಹೈಮನಾ ಪ್ರದೇಶದಲ್ಲಿ 59 ಲಕ್ಷ ಟನ್ ಲಿಥಿಯಂ ಸಂಪನ್ಮೂಲ ಇದೆ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ತಕ್ಷಣ ಟಿವಿಗಳಲ್ಲಿ, ವಾಟ್ಸ್‌ಆ್ಯಪ್‌ಗಳಲ್ಲಿ ಗುಣಾಕಾರ ಶುರುವಾಯಿತು. 59 ಲಕ್ಷ ಟನ್ನನ್ನು ಆಗಿನ ಮಾರುಕಟ್ಟೆ ದರದಿಂದ ಗುಣಿಸಿ, ಹಲವು ಲಕ್ಷ ಕೋಟಿ ರೂಪಾಯಿಯ ನಿಧಿ ಸಿಕ್ಕಿತು ಎಂದರು. ಭಾರತ ಜಗತ್ತಿನ ಅತಿದೊಡ್ಡ ಲಿಥಿಯಂ ದೇಶಗಳ ಸಾಲಿಗೆ ಸೇರಿತು ಎಂದೂ ಬರೆದರು.

ಒಂದು ವರ್ಷ ಕಳೆಯಿತು. ಆ ಗಣಿಯನ್ನು ಹರಾಜಿಗೆ ಇಟ್ಟಾಗ ಬೇಕಾದಷ್ಟು ಬಿಡ್‌ದಾರರೇ ಬರಲಿಲ್ಲ. ನಿಯಮದ ಪ್ರಕಾರ ಮೊದಲ ಸುತ್ತಿನಲ್ಲಿ ಅರ್ಹ ಬಿಡ್‌ದಾರರು ಕನಿಷ್ಠ ಮೂವರಾದರೂ ಇರಬೇಕು. ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಹರಾಜು ರದ್ದಾಯಿತು.

ಇಷ್ಟು ದೊಡ್ಡ ನಿಧಿ ಇದ್ದರೆ ಯಾಕೆ ಯಾರೂ ಬರಲಿಲ್ಲ? ಉತ್ತರ ಆ ಗುಣಾಕಾರದಲ್ಲೇ ಇದೆ. 59 ಲಕ್ಷ ಟನ್ ಎಂದದ್ದು ಲಿಥಿಯಂ ಲೋಹ ಅಲ್ಲ, ಲಿಥಿಯಂ ಇರುವ ಅದಿರು. ಆ ಅದಿರಿನಲ್ಲಿ ಹತ್ತು ಲಕ್ಷ ಭಾಗಕ್ಕೆ 500 ಭಾಗಕ್ಕಿಂತ ಹೆಚ್ಚು ಲಿಥಿಯಂ ಇದೆ ಎಂದು ಅಲ್ಲಿನ ಅಧಿಕಾರಿಗಳು ಆಗ ಹೇಳಿದ್ದರು. 500 ಎಂದೇ ಹಿಡಿಯೋಣ. ಅಂದರೆ ಒಂದು ಟನ್ ಅದಿರಿಗೆ ಅರ್ಧ ಕಿಲೋ ಲೋಹ. 59 ಲಕ್ಷ ಟನ್ ಅದಿರಿನಲ್ಲಿ ಒಂದು ಚೂರೂ ಪೋಲಾಗದೆ ಎಲ್ಲವನ್ನೂ ತೆಗೆದರೂ ಸಿಗುವುದು 2,950 ಟನ್. ಚಿಲಿ ದೇಶದ ಲಿಥಿಯಂ ನಿಕ್ಷೇಪ ಆ ಹೊತ್ತಿಗೆ 93 ಲಕ್ಷ ಟನ್ ಎಂದು ದಾಖಲಾಗಿತ್ತು. ಅದು ಲೋಹದ ಲೆಕ್ಕ. ನಮ್ಮ ಮಣ್ಣಿನ ತೂಕವನ್ನು ಅವರ ಲೋಹದ ತೂಕದ ಪಕ್ಕ ಇಟ್ಟು ನೋಡಿದ್ದೆವು.

ಇನ್ನು ಬೆಲೆ. 2,950 ಟನ್ ಲಿಥಿಯಂನಿಂದ ಬ್ಯಾಟರಿ ಕಂಪನಿಗಳು ಕೊಳ್ಳುವ ಲಿಥಿಯಂ ಕಾರ್ಬೊನೇಟ್ ಸುಮಾರು 15,700 ಟನ್ ಆಗುತ್ತದೆ. 2022ರ ನವೆಂಬರ್‌ನಲ್ಲಿ ಚೀನಾದಲ್ಲಿ ಅದರ ಬೆಲೆ ಟನ್‌ಗೆ 6 ಲಕ್ಷ ಯುವಾನ್ ಹತ್ತಿರ ಹೋಗಿತ್ತು. ಆ ಬೆಲೆಯಲ್ಲಿ ರಿಯಾಸಿಯ ಒಟ್ಟು ಸರಕು ಸುಮಾರು 11 ಸಾವಿರ ಕೋಟಿ ರೂಪಾಯಿಯದು. 2023ರ ಕೊನೆಗೆ ಬೆಲೆ 1 ಲಕ್ಷ ಯುವಾನ್ ಆಸುಪಾಸಿಗೆ ಕುಸಿಯಿತು. ಅದೇ ನೆಲ, ಅದೇ ಅದಿರು, ಈಗ 2 ಸಾವಿರ ಕೋಟಿಗಿಂತ ಕಡಿಮೆ. ಇದರಲ್ಲಿ ಇನ್ನೂ ಅಗೆಯುವ ಖರ್ಚು ಕಳೆದಿಲ್ಲ. ಅಲ್ಲಿನ ಲಿಥಿಯಂ ಬಾಕ್ಸೈಟ್ ಜೊತೆಗಿನ ಜೇಡಿ ಪದರದಲ್ಲಿದೆ. ಅಂಥ ಜೇಡಿಯಿಂದ ಲಾಭಕ್ಕೆ ಲಿಥಿಯಂ ತೆಗೆಯುವ ವಿಧಾನ ಜಗತ್ತಿನಲ್ಲೇ ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ. ಪಕ್ಕದಲ್ಲಿ ಚಿನಾಬ್ ನದಿ, ಸಲಾಲ್ ಅಣೆಕಟ್ಟೆ. ಮೇಲಿಂದ ಭೂಕಂಪದ ವಲಯ. ಉದ್ಯಮಿಗಳು ಈ ಲೆಕ್ಕ ಹಾಕಿಯೇ ದೂರ ನಿಂತರು.

ಮಂಡ್ಯದವರಿಗೆ ಇದು ಹೊಸ ಅನುಭವ ಅಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಸಂಸತ್ತಿನಲ್ಲಿ ಅಣು ಇಂಧನ ಇಲಾಖೆ ಕೊಟ್ಟ ಅಂಕಿ 1,600 ಟನ್. ಒಂದೇ ವರ್ಷದೊಳಗೆ ಅಂದಾಜು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಇದರಲ್ಲಿ ಮೋಸ ಇಲ್ಲ. ಆರಂಭದ ಅಂದಾಜುಗಳು ಇರುವುದೇ ಹಾಗೆ. ತಪ್ಪು ಆಗುವುದು ಆ ಅಂಕಿಯನ್ನು ಬ್ಯಾಂಕಿನಲ್ಲಿರುವ ಹಣ ಅಂದುಕೊಂಡಾಗ.

ಭೂವಿಜ್ಞಾನಿಗಳು ಈ ವಿಷಯದಲ್ಲಿ ತುಂಬಾ ಎಚ್ಚರಿಕೆಯಿಂದ ಮಾತಾಡುತ್ತಾರೆ. ಪರಿಶೋಧನೆಗೆ ಅವರು ನಾಲ್ಕು ಹಂತ ಮಾಡಿಕೊಂಡಿದ್ದಾರೆ. ಜಿ4 ಅಂದರೆ ಮೇಲ್ನೋಟದ ಸಮೀಕ್ಷೆ. ಜಿ3 ಪ್ರಾಥಮಿಕ ಹಂತ. ಜಿ2ರಲ್ಲಿ ಇನ್ನಷ್ಟು ಕೊಳವೆ ಕೊರೆದು ನೋಡುತ್ತಾರೆ. ಜಿ1ಕ್ಕೆ ಬಂದಾಗ ಎಷ್ಟು ಆಳದಲ್ಲಿ, ಎಷ್ಟು ದಪ್ಪದಲ್ಲಿ, ಯಾವ ಗುಣಮಟ್ಟದ ಅದಿರು ಇದೆ ಎಂದು ವಿವರವಾಗಿ ಹೇಳಬಹುದು. ರಿಯಾಸಿ ಇದ್ದದ್ದು ಜಿ3ರಲ್ಲಿ. ಜಿ1 ಆದ ಮೇಲೂ ಅದು ಬರೀ ಸಂಪನ್ಮೂಲ. ಇವತ್ತಿನ ತಂತ್ರಜ್ಞಾನದಲ್ಲಿ, ಇವತ್ತಿನ ಬೆಲೆಯಲ್ಲಿ, ಕಾನೂನಿನ ಒಪ್ಪಿಗೆಯೊಂದಿಗೆ, ಲಾಭಕ್ಕೆ ತೆಗೆಯಬಹುದಾದ ಪಾಲನ್ನು ಮಾತ್ರ ನಿಕ್ಷೇಪ ಎಂದು ಕರೆಯುತ್ತಾರೆ. ಸುದ್ದಿಯಲ್ಲಿ ಈ ಎರಡೂ ಒಂದೇ ಆಗಿಬಿಡುತ್ತವೆ. ಬೊಲಿವಿಯಾದ ಉಪ್ಪಿನ ಬಯಲುಗಳಲ್ಲಿ 2 ಕೋಟಿ ಟನ್‌ಗಿಂತ ಹೆಚ್ಚು ಲಿಥಿಯಂ ಸಂಪನ್ಮೂಲ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ಸಂಪನ್ಮೂಲ ಇರುವ ದೇಶಗಳಲ್ಲಿ ಅದೂ ಒಂದು. ಆದರೆ ಮಾರುಕಟ್ಟೆಗೆ ಅಲ್ಲಿಂದ ಬರುವುದು ತೀರಾ ಅಲ್ಪ.

ನಿಕ್ಷೇಪದ ಗಾತ್ರ ಬೆಲೆಯ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಇದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೆಜಿಎಫ್ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಚಿನ್ನ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಆಗ ಒಂದು ಔನ್ಸ್ ಚಿನ್ನ 300 ಡಾಲರ್‌ಗಿಂತ ಕಡಿಮೆ ಇತ್ತು. 2025ರ ಅಕ್ಟೋಬರ್‌ನಲ್ಲಿ ಅದು 4,000 ಡಾಲರ್ ದಾಟಿತು. ಈ ನಡುವೆ ಗಣಿಯಿಂದ ಹೊರಗೆ ಸುರಿದ ಮಣ್ಣಿನ ರಾಶಿಗಳಿಗೇ ಬೆಲೆ ಬಂದಿದೆ. ಊರಿನವರು ಸೈನೈಡ್ ದಿಬ್ಬ ಎಂದು ಕರೆಯುವ 13 ರಾಶಿಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ. ಅದರಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗಾಳಿ ಬಂದಾಗಲೆಲ್ಲ ದೂಳು ಕುಡಿದು ಬದುಕಿದ ಜನರಿಗೆ ಬರೀ ಕಾಟ ಆಗಿದ್ದ ದಿಬ್ಬಗಳು ಈಗ ಸರ್ಕಾರದ ಕಡತದಲ್ಲಿ ಸಂಪತ್ತು. ಮಣ್ಣು ಬದಲಾಗಿಲ್ಲ.

ದೇಶದ ಮಟ್ಟದಲ್ಲಿ ಇಂಥ ಗುಣಾಕಾರದ ದೊಡ್ಡ ಕಥೆ ಅಫ್ಗಾನಿಸ್ತಾನದ್ದು. 2010ರ ಜೂನ್‌ನಲ್ಲಿ ಅಮೆರಿಕದ ಅಧಿಕಾರಿಗಳು ಆ ದೇಶದ ನೆಲದಡಿ ಸುಮಾರು 1 ಲಕ್ಷ ಕೋಟಿ ಡಾಲರ್ ಬೆಲೆಯ ಖನಿಜ ಇದೆ ಎಂದರು. ಕಬ್ಬಿಣ, ತಾಮ್ರ, ಲಿಥಿಯಂ, ಅಪರೂಪದ ಲೋಹಗಳು ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮರುವರ್ಷ ಬಾಮಿಯಾನ್ ಕಡೆಯ ಹಾಜಿಗಕ್ ಕಬ್ಬಿಣದ ಗಣಿಯ ನಾಲ್ಕು ಬ್ಲಾಕ್‌ಗಳಲ್ಲಿ ಮೂರು ಭಾರತದ ಕಂಪನಿಗಳ ಒಕ್ಕೂಟಕ್ಕೆ ಸಿಕ್ಕಿದವು. ಸರ್ಕಾರಿ ಉಕ್ಕು ಕಂಪನಿ ಸೇಲ್ (ಎಸ್‌ಎಐಎಲ್) ಅದರ ಮುಂದಾಳು. ಸಂಡೂರಿನ ದೋಣಿಮಲೈಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ ಮತ್ತು ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕೂಡ ಅದರಲ್ಲಿದ್ದವು. ಗಣಿ ತೆರೆಯಲೇ ಇಲ್ಲ. ರೈಲಿಲ್ಲ, ಬಂದರಿಲ್ಲ, ವಿದ್ಯುತ್ ಇಲ್ಲ, ಶಾಂತಿ ಇಲ್ಲ. ಕಾಬೂಲ್ ಪಕ್ಕದ ಮೆಸ್ ಅಯ್ನಕ್ ತಾಮ್ರದ ಗಣಿಯನ್ನು ಚೀನಾದ ಕಂಪನಿ 2007ರಲ್ಲೇ ಪಡೆದಿತ್ತು. ಒಂದು ದಶಕ ದಾಟಿದರೂ ಅಲ್ಲಿಂದ ತಾಮ್ರ ಬರಲಿಲ್ಲ. ಆ 1 ಲಕ್ಷ ಕೋಟಿ ಡಾಲರ್ ಮಾತ್ರ ಇವತ್ತಿಗೂ ಲೇಖನಗಳಲ್ಲಿ ಓಡಾಡುತ್ತಿದೆ.

ಹಾಗಾದರೆ ಸರಿಯಾದ ಲೆಕ್ಕ ಯಾವುದು?

ಅರ್ಥಶಾಸ್ತ್ರಜ್ಞರು ಬಳಸುವ ಲೆಕ್ಕ ಕೇಳಲು ಸರಳ. ಅದಿರು ಮಾರಿದ ಬೆಲೆಯಿಂದ ಅಗೆಯುವ, ಸಾಗಿಸುವ ಖರ್ಚು ಕಳೆಯಿರಿ. ಯಂತ್ರಕ್ಕೆ ಹಾಕಿದ ಬಂಡವಾಳಕ್ಕೆ ಸಿಗಬೇಕಾದ ನ್ಯಾಯವಾದ ಲಾಭವನ್ನೂ ಕಳೆಯಿರಿ. ಉಳಿಯುವುದೇ ನೆಲದ ಪಾಲು. ಆ ಪಾಲನ್ನು ಯಾರೂ ದುಡಿದು ಹುಟ್ಟಿಸಿದ್ದಲ್ಲ. ಅದಿರು ಅಲ್ಲಿ ಇದ್ದದ್ದಕ್ಕೇ ಬಂದದ್ದು. ಅರ್ಥಶಾಸ್ತ್ರದಲ್ಲಿ ಇದನ್ನು ಸಂಪನ್ಮೂಲದ ಗೇಣಿ ಎನ್ನುತ್ತಾರೆ. ಗಣಿ ಬಾಳುವಷ್ಟು ವರ್ಷ ಪ್ರತಿ ವರ್ಷ ಬರುವ ಈ ಗೇಣಿಯನ್ನೆಲ್ಲ ಇವತ್ತಿನ ಮೌಲ್ಯಕ್ಕೆ ಇಳಿಸಿ ಕೂಡಿಸಿದರೆ ಆ ನಿಕ್ಷೇಪದ ಬೆಲೆ ಬರುತ್ತದೆ. ವಿಶ್ವಬ್ಯಾಂಕ್ ದೇಶಗಳ ಸಂಪತ್ತಿನ ವರದಿಯಲ್ಲಿ ಮಾಡುವುದೂ ಇದನ್ನೇ. ವಿಶ್ವಸಂಸ್ಥೆ 2012ರಲ್ಲಿ ಒಪ್ಪಿದ ಪರಿಸರ ಲೆಕ್ಕಪದ್ಧತಿ ಹೇಳುವುದೂ ಇದನ್ನೇ.

ಇಲ್ಲಿ ಒಂದು ಪ್ರಶ್ನೆ ಎದ್ದು ಬರುತ್ತದೆ. ಗೇಣಿ ನೆಲದ್ದಾದರೆ, ಅದು ಸೇರಬೇಕಾದ್ದು ನೆಲದ ಒಡೆಯರಿಗೆ. ಖನಿಜದ ವಿಷಯದಲ್ಲಿ ಒಡೆಯರು ಜನ. ಜನರ ಪರವಾಗಿ ಸರ್ಕಾರ ಅದನ್ನು ನೋಡಿಕೊಳ್ಳಬೇಕು. ಬಳ್ಳಾರಿಯಲ್ಲಿ ಏನಾಯಿತು ಎಂದು ಈ ಕಣ್ಣಿಂದ ನೋಡಿದರೆ ಅಕ್ರಮದ ಕಥೆಗಿಂತ ದೊಡ್ಡ ಕಥೆಯೊಂದು ಕಾಣುತ್ತದೆ.

2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿಗೆ ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನ ಟನ್‌ಗೆ ಇಷ್ಟು ಅಂತ ನಿಗದಿಯಾಗಿತ್ತು. ಶೇ 65ಕ್ಕಿಂತ ಹೆಚ್ಚು ಕಬ್ಬಿಣ ಇರುವ ಗಟ್ಟಿ ಅದಿರಿಗೆ 27 ರೂಪಾಯಿ. ಅದೇ ಗುಣಮಟ್ಟದ ಪುಡಿ ಅದಿರಿಗೆ 19 ರೂಪಾಯಿ. ಅದಕ್ಕಿಂತ ಕಡಿಮೆ ದರ್ಜೆಯದಾದರೆ 11, 8. ಅದೇ ಕಾಲದಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಚೀನಾ ಎಷ್ಟು ಅದಿರು ಕೊಟ್ಟರೂ ಕೊಳ್ಳುತ್ತಿತ್ತು. ಬೆಲೆ ಟನ್‌ಗೆ 100 ಡಾಲರ್ ದಾಟಿತು. ಆಗಿನ ವಿನಿಮಯ ದರದಲ್ಲಿ 4,000 ರೂಪಾಯಿಗೂ ಜಾಸ್ತಿ. ಅಗೆತ, ಲಾರಿ, ಬಂದರು, ಹಡಗು, ನ್ಯಾಯವಾದ ಲಾಭ ಎಲ್ಲ ಸೇರಿ 2,000 ರೂಪಾಯಿ ಎಂದು ಧಾರಾಳವಾಗಿಯೇ ಹಿಡಿಯೋಣ. ಉಳಿದ 2,000 ರೂಪಾಯಿ ನೆಲದ ಪಾಲು. ಅದರಲ್ಲಿ ರಾಜಧನವಾಗಿ ಬಂದದ್ದು ಹೆಚ್ಚೆಂದರೆ 27. ಇದು ಪರ್ಮಿಟ್ ತೆಗೆದುಕೊಂಡು, ಎಲ್ಲ ಕಾಗದ ಸರಿಯಿಟ್ಟುಕೊಂಡು, ಕಾನೂನಿನ ಪ್ರಕಾರವೇ ನಡೆದ ಗಣಿಗಾರಿಕೆಯ ಲೆಕ್ಕ. ಗಣಿ ಧಣಿಗಳ ಹೆಲಿಕಾಪ್ಟರ್‌ಗಳೂ ಅರಮನೆಗಳೂ ಎಲ್ಲಿಂದ ಬಂದವು ಎಂದು ಬೇರೆ ಹುಡುಕಬೇಕಿಲ್ಲ.

ಅಕ್ರಮ ಇದರ ಮೇಲಿನದು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಕೊಟ್ಟ ವರದಿ 2006ರಿಂದ 2010ರ ನಡುವೆ ಖಜಾನೆಗೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದಿತು. ಸುಮಾರು 3 ಕೋಟಿ ಟನ್ ಅದಿರು ಪರ್ಮಿಟ್ ಇಲ್ಲದೆ ಹೊರದೇಶಕ್ಕೆ ಹೋಗಿತ್ತು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಅದಿರೂ ಲಕ್ಷಗಟ್ಟಲೆ ಟನ್ ಮಾಯವಾಯಿತು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮ ಕಂಡ ಸಿ ವರ್ಗದ ಗುತ್ತಿಗೆಗಳನ್ನು 2013ರಲ್ಲಿ ರದ್ದು ಮಾಡಿತು. ಈ ಕಥೆ ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಕಾಡುವುದು ಮೊದಲನೆಯದು. ಕದ್ದದ್ದಕ್ಕೆ ಒಂದು ವರದಿ ಬಂತು, ಅಂಕಿ ಬಂತು, ಜೈಲೂ ಆಯಿತು. ಕಾನೂನಿನ ಪ್ರಕಾರವೇ ಬಿಟ್ಟುಕೊಟ್ಟ ಗೇಣಿಗೆ ಯಾರೂ ಲೆಕ್ಕ ಬರೆಯಲಿಲ್ಲ. ನೆಲದಡಿಯ ಅದಿರಿಗೆ ಸರ್ಕಾರದ ಬಳಿ ಮೊದಲೇ ಒಂದು ಮೌಲ್ಯಪಟ್ಟಿ ಇದ್ದಿದ್ದರೆ, ಟನ್‌ಗೆ 27 ರೂಪಾಯಿ ಅನ್ನುವುದು ಅಷ್ಟು ವರ್ಷ ನಿಲ್ಲುತ್ತಿರಲಿಲ್ಲ.

ರಾಜಧನ 2009ರಲ್ಲಿ ಬೆಲೆಯ ಶೇ 10ಕ್ಕೆ, 2014ರಲ್ಲಿ ಶೇ 15ಕ್ಕೆ ಏರಿತು. 2015ರಲ್ಲಿ ಕಾನೂನು ತಿದ್ದಿ ಗಣಿಗಳನ್ನು ಹರಾಜಿನಲ್ಲೇ ಕೊಡಬೇಕೆಂದು ಮಾಡಿದರು. ಆಗ ಕಂಡದ್ದು ಅಚ್ಚರಿಯ ಸಂಗತಿ. 2020ರಲ್ಲಿ ಒಡಿಶಾದ ಕಬ್ಬಿಣದ ಗಣಿಗಳ ಹರಾಜಿನಲ್ಲಿ ಕಂಪನಿಗಳು ಅದಿರಿನ ಸರಾಸರಿ ಮಾರಾಟ ಬೆಲೆಯ ಶೇ 95, ಶೇ 98ರಷ್ಟನ್ನು ಸರ್ಕಾರಕ್ಕೇ ಕೊಡುತ್ತೇವೆ ಎಂದು ಕೂಗಿದವು. ಜಜಂಗ್ ಗಣಿಗೆ ಶೇ 110. ಒಡಿಶಾದ ಖನಿಜ ಆದಾಯ 2021–22ರಲ್ಲಿ 40 ಸಾವಿರ ಕೋಟಿ ರೂಪಾಯಿ ದಾಟಿತು. ಹರಾಜು ಬಂದ ತಕ್ಷಣ ಬೆಟ್ಟದಲ್ಲಿ ಹೊಸದಾಗಿ ಏನೂ ಹುಟ್ಟಲಿಲ್ಲ ಅಲ್ವಾ? ಆ ಹಣ ಮೊದಲೂ ಇತ್ತು, ಬೇರೆ ಕಡೆ ಹೋಗುತ್ತಿತ್ತು.

ಹರಾಜಿನ ಬೆಲೆಯೇ ನಿಜವಾದ ಬೆಲೆ ಎಂದೂ ತಿಳಿಯಬಾರದು. ಸ್ವಂತ ಉಕ್ಕಿನ ಕಾರ್ಖಾನೆ ಇರುವವರು ಅದಿರಿನ ಪೂರೈಕೆ ನಿಲ್ಲಬಾರದು ಎಂಬ ಕಾರಣಕ್ಕೆ ಹೆಚ್ಚು ಕೂಗುತ್ತಾರೆ. ಮುಂದೆ ಬೆಲೆ ಏರುತ್ತದೆ ಎಂಬ ನಂಬಿಕೆಯೂ ಅದರಲ್ಲಿ ಸೇರಿರುತ್ತದೆ. ಜಜಂಗ್ ಗಣಿಯನ್ನು ಪಡೆದ ಕಂಪನಿಯೇ 2024ರಲ್ಲಿ ಅದನ್ನು ವಾಪಸ್ ಮಾಡಿತು.

ಲೆಕ್ಕದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ತಿರುಗಣಿ ಇದೆ. ಮುಂದೆ ಬರುವ ಹಣವನ್ನು ಇವತ್ತಿನ ಮೌಲ್ಯಕ್ಕೆ ಇಳಿಸುವ ದರ. 50 ವರ್ಷದ ನಂತರ ಬರುವ 100 ಕೋಟಿ ರೂಪಾಯಿಗೆ ವರ್ಷಕ್ಕೆ ಶೇ 4ರ ದರ ಹಾಕಿದರೆ ಇವತ್ತಿನ ಬೆಲೆ 14 ಕೋಟಿ. ಶೇ 10ರ ದರ ಹಾಕಿದರೆ 85 ಲಕ್ಷ. ಹೆಚ್ಚಿನ ದರ ಆರಿಸಿದವನಿಗೆ ಇವತ್ತೇ ಎಲ್ಲ ಅಗೆದು ಮಾರುವುದು ಲಾಭ ಅಂತ ಕಾಣುತ್ತದೆ. ಕಡಿಮೆ ದರ ಆರಿಸಿದವನಿಗೆ ಸ್ವಲ್ಪ ಮೊಮ್ಮಕ್ಕಳಿಗೂ ಉಳಿಸುವುದು ಲಾಭ. ಇದು ಗಣಿತದ ಪ್ರಶ್ನೆ ಅಲ್ಲ. ಇನ್ನೂ ಹುಟ್ಟದವರ ಹಕ್ಕಿಗೆ ನಾವು ಎಷ್ಟು ತೂಕ ಕೊಡುತ್ತೇವೆ ಅನ್ನುವ ಪ್ರಶ್ನೆ. ಆದ್ದರಿಂದ ಯಾವ ವರದಿ ಬಂದರೂ ಮೊದಲು ಈ ದರ ಎಷ್ಟು ಎಂದು ಹುಡುಕಿ ನೋಡಬೇಕು.

ಇಷ್ಟೊತ್ತು ಮಾತಾಡಿದ್ದು ಮಾರುಕಟ್ಟೆ ಇರುವ ವಸ್ತುಗಳ ಬಗ್ಗೆ. ಅದಿರಿನ ಮೇಲಿರುವ ಕಾಡು, ಅದರೊಳಗಿನ ನೀರು ಯಾವ ಮಂಡಿಯಲ್ಲೂ ಮಾರಾಟವಾಗುವುದಿಲ್ಲ. ಹಾಗೆಂದು ಅವುಗಳ ಬೆಲೆ ಸೊನ್ನೆ ಅಲ್ಲ. ಆದರೆ ನಾವು ಅಂಕಿ ಹಾಕದೇ ಇದ್ದಾಗ ಕಡತದಲ್ಲಿ ಅದು ಸೊನ್ನೆಯೇ ಆಗುತ್ತದೆ.

ಕುದುರೆಮುಖವನ್ನೇ ತೆಗೆದುಕೊಳ್ಳಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಮಗ್ಗುಲಲ್ಲೇ ಕಬ್ಬಿಣದ ಗಣಿ ಇತ್ತು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದರು. ಮಲೆನಾಡಿನ ಮಳೆಗೆ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಕೆಳಗೆ ಭದ್ರಾ ಜಲಾಶಯವನ್ನು ನಂಬಿದ ಶಿವಮೊಗ್ಗ, ದಾವಣಗೆರೆಯ ಭತ್ತದ ಗದ್ದೆ, ಅಡಿಕೆ ತೋಟಗಳಿವೆ. ಜಲಾಶಯದಲ್ಲಿ ಹೂಳು ತುಂಬಿ ನೀರು ಕಡಿಮೆಯಾದರೆ ಆ ನಷ್ಟ ಗಣಿ ಕಂಪನಿಯ ಪುಸ್ತಕದಲ್ಲಿ ಬರುವುದಿಲ್ಲ. ರೈತನ ಪುಸ್ತಕದಲ್ಲಿ ಬರುತ್ತದೆ, ಅದೂ ಕಡಿಮೆ ಇಳುವರಿ ಎಂಬ ಹೆಸರಿನಲ್ಲಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ನೆಲದಡಿ ಅದಿರು ಇನ್ನೂ ಇದೆ. ಅದನ್ನು ಹಾಗೇ ಬಿಟ್ಟದ್ದರಿಂದ ಎಷ್ಟು ನಷ್ಟ ಎಂದು ಹೇಳುವವರು ಇದ್ದಾರೆ. ಹಾಗೇ ಬಿಟ್ಟದ್ದರಿಂದ ನದಿಗೆ ಎಷ್ಟು ಉಳಿಯಿತು ಎಂದೂ ಪಕ್ಕದಲ್ಲಿ ಬರೆಯಬೇಕು. ಇಲ್ಲದಿದ್ದರೆ ಅದು ಅರ್ಧ ಲೆಕ್ಕ.

ಕಾಡಿಗೆ ಬೆಲೆ ಕಟ್ಟುವ ಕೆಲಸವನ್ನು ಭಾರತದಲ್ಲಿ ಶುರು ಮಾಡಿಸಿದ್ದೂ ಸುಪ್ರೀಂ ಕೋರ್ಟೇ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ, ಕಾಡನ್ನು ಬೇರೆ ಕೆಲಸಕ್ಕೆ ಪಡೆಯುವವರು ಅದರ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಕಾಡು ಮುಂದೆ ಕೊಡುವ ಪ್ರಯೋಜನವನ್ನೆಲ್ಲ ಇವತ್ತಿನ ಮೌಲ್ಯಕ್ಕೆ ಇಳಿಸಿದ ಬೆಲೆ, ಕಟ್ಟಬೇಕು ಎಂದಿತು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ 2006ರಲ್ಲಿ ಲೆಕ್ಕದ ವಿಧಾನ ಕೊಟ್ಟಿತು. 2008ರಲ್ಲಿ ದರ ನಿಗದಿಯಾಯಿತು. ಕಾಡಿನ ಬಗೆ ಮತ್ತು ದಟ್ಟಣೆ ನೋಡಿಕೊಂಡು ಹೆಕ್ಟೇರ್‌ಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ದರ ಪರಿಷ್ಕರಿಸಿದರು.

ಇದು ದೊಡ್ಡ ಹೆಜ್ಜೆ ಎಂದು ನಾನು ನಂಬುತ್ತೇನೆ. ಆದರೆ ಈ ಅಂಕಿಯನ್ನು ಸಂಡೂರಿನ ಮೇಲೆ ಇಟ್ಟು ನೋಡಿ. ಸ್ವಾಮಿಮಲೈ ಬ್ಲಾಕ್‌ನ ದೇವದಾರಿ ಗಣಿಗೆ ಕೇಳಿರುವುದು ಸುಮಾರು 400 ಹೆಕ್ಟೇರ್ ಕಾಡು, ಕಡಿಯಬೇಕಾದ ಮರಗಳು 99 ಸಾವಿರಕ್ಕೂ ಹೆಚ್ಚು. ಕುದುರೆಮುಖದಿಂದ ಹೊರಬಂದ ಕೆಐಒಸಿಎಲ್ ಕಂಪನಿಯೇ ಇಲ್ಲಿಯೂ ಗುತ್ತಿಗೆದಾರ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಜಮೀನು ಹಸ್ತಾಂತರ ಮಾಡಬೇಡಿ ಎಂದು ಸೂಚಿಸಿದರು. 2008ರ ಅತಿ ಹೆಚ್ಚಿನ ದರ ಹಾಕಿದರೂ 400 ಹೆಕ್ಟೇರ್ ಕಾಡಿನ ಬೆಲೆ 42 ಕೋಟಿ ದಾಟುವುದಿಲ್ಲ, ಅದೂ ಒಂದೇ ಸಲ ಕಟ್ಟುವ ಹಣ. ಯೋಜನೆಯಂತೆ ವರ್ಷಕ್ಕೆ 20 ಲಕ್ಷ ಟನ್ ಅದಿರು ತೆಗೆದು ಟನ್‌ಗೆ 3,000 ರೂಪಾಯಿಗೆ ಮಾರಿದರು ಎಂದು ಹಿಡಿಯಿರಿ. ಒಂದು ವರ್ಷದ ವಹಿವಾಟೇ 600 ಕೋಟಿ. ಇಂಥ ತಕ್ಕಡಿಯಲ್ಲಿ ಕಾಡು ಗೆಲ್ಲುವ ದಾರಿಯೇ ಇಲ್ಲ.

ದರ ಕಡಿಮೆ ಎನ್ನುವುದು ಒಂದು ಮಾತು. ಅದಕ್ಕಿಂತ ಮುಖ್ಯವಾದ್ದು, ಈ ದರ ಸರಾಸರಿಯದು. ಒಂದು ಬಗೆಯ ಕಾಡು ದೇಶದಲ್ಲಿ ಎಲ್ಲಿದ್ದರೂ ಒಂದೇ ಬೆಲೆ. ಬಳ್ಳಾರಿಯ ಒಣ ಬಯಲಿನಲ್ಲಿ ಮಳೆ ಹಿಡಿಯುವ, ಸುತ್ತಲಿನ ಕೆರೆ ಬಾವಿಗಳಿಗೆ ನೀರು ಕೊಡುವ ಇಂಥ ಕಾಡು ಉಳಿದಿರುವುದು ಕಡಿಮೆ. ಸುತ್ತಲಿನ ಎಷ್ಟೋ ಬೆಟ್ಟಗಳು ಆಗಲೇ ಅಗೆದು ಹೋಗಿವೆ. ಕೊನೆಯದಾಗಿ ಉಳಿದ ತುಂಡಿನ ಬೆಲೆ ಸರಾಸರಿ ಬೆಲೆಗೆ ಸಮ ಆಗುವುದಿಲ್ಲ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಪರಿಸರ ಸೇವೆಗಳಿಗೆ, ಅಂದರೆ ನೀರು, ಮಣ್ಣು, ಗಾಳಿ, ಕಾಡು ನಮಗೆ ಪುಕ್ಕಟೆ ಮಾಡಿಕೊಡುವ ಕೆಲಸಗಳಿಗೆ, ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಬೆಲೆ ಕಟ್ಟಿದಾಗಲೂ ಇದೇ ತಕರಾರು ಬಂತು. ಎಲ್ಲ ನೀರು, ಎಲ್ಲ ಮಣ್ಣು, ಎಲ್ಲ ಗಾಳಿ ಹೋದರೆ ಬದುಕೇ ಇಲ್ಲ. ಅದಕ್ಕೆ ಒಟ್ಟು ಬೆಲೆ ಅಂತ ಒಂದು ಅಂಕಿ ಇರಲು ಸಾಧ್ಯವಿಲ್ಲ. ಈ ಒಂದು ತುಂಡು ಹೋದರೆ ಏನು ಕಳೆದುಕೊಳ್ಳುತ್ತೇವೆ ಎಂದು ಕೇಳಿದರೆ ಮಾತ್ರ ಅರ್ಥವಿರುವ ಉತ್ತರ ಸಿಗುತ್ತದೆ. ಆ ಪ್ರಶ್ನೆಯನ್ನು ದೆಹಲಿಯ ಕೋಷ್ಟಕದಿಂದ ಕೇಳಲು ಆಗುವುದಿಲ್ಲ. ಸಂಡೂರಿನಲ್ಲಿ ನಿಂತು ಕೇಳಬೇಕು.

ಇನ್ನು ದೇಶದ ಲೆಕ್ಕದ ಪುಸ್ತಕಕ್ಕೆ ಬರೋಣ. ಅಗೆದ ಅದಿರು ಮಾರಾಟವಾದಾಗ ಜಿಡಿಪಿ ಏರುತ್ತದೆ. ಬೆಟ್ಟ ಕರಗಿದ್ದು ಎಲ್ಲೂ ಕಳೆಯಾಗುವುದಿಲ್ಲ. ಅಪ್ಪನಿಂದ ಬಂದ ಹೊಲವನ್ನು ವರ್ಷಕ್ಕೆ ಒಂದೊಂದು ಎಕರೆ ಮಾರಿ, ಬಂದ ದುಡ್ಡನ್ನು ಸಂಬಳ ಎಂದು ಬರೆದುಕೊಂಡ ಹಾಗೆ ಇದು. ಪೆಸಿಫಿಕ್ ಸಾಗರದ ಪುಟ್ಟ ದೇಶ ನೌರು ಹೀಗೇ ಬದುಕಿತು. 21 ಚದರ ಕಿಲೋಮೀಟರ್‌ನ ಆ ದ್ವೀಪ ಗೊಬ್ಬರಕ್ಕೆ ಬಳಸುವ ತನ್ನ ರಂಜಕದ ಮಣ್ಣು ಮಾರಿ 1970ರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತರ ಸಾಲಿನಲ್ಲಿತ್ತು. ಮಣ್ಣು ಮುಗಿಯುತ್ತ ಬಂತು. ಕೂಡಿಟ್ಟ ಹಣವೂ ಕೆಟ್ಟ ಹೂಡಿಕೆಗಳಲ್ಲಿ ಕರಗಿತು. ನಾರ್ವೆ ಇನ್ನೊಂದು ದಾರಿ ಹಿಡಿಯಿತು. ಎಣ್ಣೆಯ ಹಣವನ್ನು 1996ರಿಂದ ಒಂದು ನಿಧಿಗೆ ಹಾಕುತ್ತ ಬಂದು, ಅದರ ನಿರೀಕ್ಷಿತ ಗಳಿಕೆಯಷ್ಟನ್ನು ಮಾತ್ರ ಬಜೆಟ್‌ಗೆ ಬಳಸುವ ನಿಯಮ ಮಾಡಿಕೊಂಡಿದೆ. ಸುಮಾರು 55 ಲಕ್ಷ ಜನರ ಆ ದೇಶದ ನಿಧಿ ಈಗ ಒಂದೂವರೆ ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು.

ಈ ಲೆಕ್ಕ ಈಗ ಬದಲಾಗುವ ಹಂತದಲ್ಲಿದೆ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ರಾಷ್ಟ್ರೀಯ ಲೆಕ್ಕಗಳ ಹೊಸ ಪದ್ಧತಿಯನ್ನು ಒಪ್ಪಿತು. ಅದರ ಪ್ರಕಾರ ಖನಿಜ ಕರಗಿದ್ದನ್ನು ಉತ್ಪಾದನೆಯ ಖರ್ಚು ಎಂದು ಬರೆಯಬೇಕು. ಜಿಡಿಪಿ ಅಂಕಿ ಇದರಿಂದ ಕಡಿಮೆಯಾಗುವುದಿಲ್ಲ. ಸವಕಳಿ ಕಳೆದು ಬರುವ ನಿವ್ವಳ ಉತ್ಪನ್ನದಲ್ಲಿ ಮಾತ್ರ ಇದು ಕಾಣುತ್ತದೆ. ದೇಶಗಳು ಇದನ್ನು ಜಾರಿಗೆ ತರಲು 2029–30ರ ಗುರಿ ಇದೆ. ಅರ್ಥಶಾಸ್ತ್ರಜ್ಞ ಪಾರ್ಥ ದಾಸಗುಪ್ತ ಅವರ ನೇತೃತ್ವದ ತಂಡ ಭಾರತಕ್ಕೆ ಹಸಿರು ಲೆಕ್ಕದ ದಾರಿ ತೋರಿಸಿ ವರದಿ ಕೊಟ್ಟದ್ದು 2013ರಲ್ಲಿ. 2018ರಿಂದ ಕೇಂದ್ರ ಅಂಕಿಅಂಶ ಸಚಿವಾಲಯ ಪರಿಸರ ಲೆಕ್ಕಗಳ ವರದಿ ತರುತ್ತಿದೆ. ಆದರೆ ಅದು ಜಿಡಿಪಿಯ ಸುದ್ದಿ ಬರುವ ದಿನ ಮುಖಪುಟಕ್ಕೆ ಬರುವುದಿಲ್ಲ.

ನಮ್ಮ ದೇಶದಲ್ಲಿ ಗೋವಾ ಒಂದು ದಾರಿ ತೆರೆದಿದೆ. ಗೋವಾ ಫೌಂಡೇಶನ್ ಎಂಬ ಪರಿಸರ ಸಂಘಟನೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಅದಿರು ಮಾರಾಟದ ಹಣದ ಶೇ 10ನ್ನು ಶಾಶ್ವತ ನಿಧಿಗೆ ಹಾಕಬೇಕು ಎಂದಿತು. ಮುಂದಿನ ತಲೆಮಾರಿಗೂ ಪಾಲು ಇರಲಿ ಎಂಬುದು ಅದರ ಉದ್ದೇಶ. ಕರ್ನಾಟಕದಲ್ಲೂ ಹಣ ಕೂಡಿದೆ. ಗಣಿ ಪರಿಸರ ಪುನಶ್ಚೇತನ ನಿಗಮದ ಬಳಿ ಇ-ಹರಾಜಿನಿಂದ ಹಿಡಿದಿಟ್ಟ ಪಾಲು, ದಂಡ ಎಲ್ಲ ಸೇರಿ ಬಂದ ಮೊತ್ತಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಸಿದ್ಧವಾಗಿದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಅದು ಖರ್ಚಾಗಬೇಕು. ಆಸ್ಪತ್ರೆ, ರಸ್ತೆ, ಕುಡಿಯುವ ನೀರು ಎಲ್ಲವೂ ಬೇಕು, ಗಣಿ ದೂಳು ಕುಡಿದ ಊರುಗಳಿಗೆ ಅದು ಬಾಕಿ ಸಾಲ. ಆದರೆ ಅದು ಆದ ಹಾನಿಯ ರಿಪೇರಿ ಹಣ. ಬೆಟ್ಟ ಮಾರಿದ ಅಸಲು ಬೇರೆ, ಅದಕ್ಕೆ ನಮ್ಮಲ್ಲಿ ಪ್ರತ್ಯೇಕ ನಿಧಿ ಇಲ್ಲ. ರಾಜಧನ ಮತ್ತು ಹರಾಜಿನ ಹಣ ನೇರವಾಗಿ ರಾಜ್ಯದ ವರ್ಷದ ಆದಾಯಕ್ಕೆ ಸೇರಿ ಸಂಬಳ, ಬಡ್ಡಿ, ಸಬ್ಸಿಡಿಗೆ ಕರಗುತ್ತದೆ.

ಖನಿಜದಿಂದ ಬರುವ ಹಣ ಮುಂದೆ ಇನ್ನೂ ಹೆಚ್ಚಬಹುದು. ರಾಜಧನ ತೆರಿಗೆ ಅಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1ರ ತೀರ್ಪು ಕೊಟ್ಟಿತು. ರಾಜ್ಯ ರಾಜ್ಯಗಳ ನಡುವೆ ಬೆಲೆ ಇಳಿಸುವ ಪೈಪೋಟಿ ಶುರುವಾದೀತು ಎಂದು ಭಿನ್ನ ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಮಂಡಲ ಖನಿಜ ಹಕ್ಕುಗಳ ತೆರಿಗೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಈ ಹಣದಲ್ಲಿ ಎಷ್ಟು ಆದಾಯ, ಎಷ್ಟು ಆಸ್ತಿ ಮಾರಾಟ ಎಂದು ಮಸೂದೆಯ ಚರ್ಚೆಯಲ್ಲೇ ಕೇಳಬೇಕಿತ್ತು.

ಬಳ್ಳಾರಿ ಜಿಲ್ಲೆಗೆ ಒಂದು ಆಸ್ತಿ ಲೆಕ್ಕ ಬರೆಯಲು ಹೊಸ ಸಮೀಕ್ಷೆ ಬೇಕಿಲ್ಲ. ವರ್ಷದ ಆರಂಭದಲ್ಲಿ ನೆಲದಲ್ಲಿ ಎಷ್ಟು ನಿಕ್ಷೇಪ ಇತ್ತು ಎಂಬುದು ಭಾರತೀಯ ಗಣಿ ಬ್ಯೂರೊ ಬಳಿ ಇದೆ. ಎಷ್ಟು ತೆಗೆದರು ಎಂಬುದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್‌ಗಳಲ್ಲಿದೆ. ಯಾವ ದರ್ಜೆಯ ಅದಿರು ಎಷ್ಟಕ್ಕೆ ಹೋಯಿತು ಎಂಬುದಕ್ಕೆ 2011ರಿಂದ ನಡೆದ ಇ-ಹರಾಜಿನ ದಾಖಲೆ ಇದೆ. ಸುಪ್ರೀಂ ಕೋರ್ಟ್ ಹಾಕಿದ ಮಿತಿಯಂತೆ ಬಳ್ಳಾರಿಯಿಂದ ವರ್ಷಕ್ಕೆ 3.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿನಿಂದ 1.5 ಕೋಟಿ ಟನ್ ತೆಗೆಯಬಹುದು. ಹೀಗೆ ತೆಗೆದರೆ ಇರುವ ಅದಿರು ಎಷ್ಟು ವರ್ಷಕ್ಕೆ ಮುಗಿಯುತ್ತದೆ, ಪ್ರತಿ ವರ್ಷ ಎಷ್ಟು ಗೇಣಿ ಬಂತು, ಅದರಲ್ಲಿ ಎಷ್ಟು ಖಜಾನೆಗೆ ಮುಟ್ಟಿತು, ಎಷ್ಟು ಹೆಕ್ಟೇರ್ ಕಾಡು ಹೋಯಿತು ಎಂದು ನಾಲ್ಕು ಸಾಲಿನ ಕೋಷ್ಟಕ ಮಾಡಿ ಬಜೆಟ್ ಜೊತೆ ಸದನದಲ್ಲಿ ಮಂಡಿಸಬಹುದು. ಇದಕ್ಕೆ ಕೇಂದ್ರದ ಅನುಮತಿ ಬೇಡ, 2030ರವರೆಗೆ ಕಾಯುವುದೂ ಬೇಡ.